ರಜೆಗೆ ಓದು ಹಚ್ಚುವ ಬಗೆ

ಬೇಸಿಗೆ ರಜೆ ಬಂತೆಂದರೆ ‘ಓದಲೇಬೇಕಾದ ಪುಸ್ತಕ’ಗಳ ಪಟ್ಟಿಗಳೂ ಶುರುವಾಗುತ್ತವೆ. ಹತ್ತಿಪ್ಪತ್ತು ಹೆಸರು, ಒಂದೊಂದೂ ತಲೆದಿಂಬಿನಷ್ಟು ದಪ್ಪ. ನೋಡಿದರೆ ಓದುವ ಆಸೆಗಿಂತ, ಇನ್ನೂ ಓದಿಲ್ಲವಲ್ಲ ಎಂಬ ಅಳುಕೇ ಹೆಚ್ಚು.

2011ರ ಆಗಸ್ಟ್ 3ರಂದು, ಇಟಲಿಯ ನಡುಬೇಸಿಗೆಯಲ್ಲಿ, ಪೋಪ್ 16ನೇ ಬೆನೆಡಿಕ್ಟ್ ರಜೆಯ ಓದಿಗೆ ಕೊಟ್ಟ ಸಲಹೆ ಹೀಗಿರಲಿಲ್ಲ. ಅವರು ಭಾರೀ ವಿದ್ವಾಂಸರು. ಆದರೆ ರೋಮ್ ಸಮೀಪದ ಕ್ಯಾಸ್ಟಲ್ ಗಂಡೋಲ್ಫೊದಲ್ಲಿ ಸೇರಿದ್ದ ಜನಕ್ಕೆ ದಪ್ಪ ಗ್ರಂಥಗಳನ್ನು ಹೇರಲಿಲ್ಲ. ಬೈಬಲ್ಲಿನೊಳಗೇ ಇದ್ದೂ ಹೆಚ್ಚು ಮಂದಿ ತೆರೆಯದ ತೋಬಿತ, ಎಸ್ತೇರ್, ರೂತ್‌ನಂಥ ಪುಟ್ಟ ಪುಸ್ತಕಗಳನ್ನು ಹೆಸರಿಸಿದರು. ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು ಎಂದೂ ಹೇಳಿದರು. ರೂತಳ ಕಥೆಗೆ ಇರುವುದು ನಾಲ್ಕೇ ಅಧ್ಯಾಯ: ಗಂಡ ತೀರಿಕೊಂಡ ಸೊಸೆ, ತವರಿಗೆ ಹೋಗು ಎಂದರೂ ಅತ್ತೆಯನ್ನು ಬಿಡದೆ ಪರಊರಿಗೆ ಬಂದು, ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯ್ದು ಹೊಟ್ಟೆ ಹೊರೆಯುತ್ತಾಳೆ. ತೋಬಿತನ ಮಗ ದೂರದೂರಿಗೆ ಹಣ ವಸೂಲಿಗೆ ಹೊರಟಾಗ ಜೊತೆಗೆ ಒಂದು ನಾಯಿಯೂ ನಡೆಯುತ್ತದೆ. ಕಥೆಗೆ ಆ ನಾಯಿಯಿಂದ ಆಗಬೇಕಾದ್ದು ಏನೂ ಇಲ್ಲ. ನನಗೆ ಮಾತ್ರ ಅದೇ ಮೊದಲು ನೆನಪಾಗುವುದು.

ಬೆನೆಡಿಕ್ಟ್ ಅವರ ನಂತರ ಬಂದ ಪೋಪ್ ಫ್ರಾನ್ಸಿಸ್ ಮೇಷ್ಟರಾಗಿದ್ದವರು. 1964–65ರಲ್ಲಿ, ಇನ್ನೂ ಗುರುದೀಕ್ಷೆ ಆಗುವ ಮುಂಚೆ, ಅರ್ಜೆಂಟೀನಾದ ಸಾಂತಾ ಫೆ ಊರಿನ ಜೆಸ್ವಿಟ್ ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ಸಾಹಿತ್ಯ ಪಾಠ ಮಾಡುತ್ತಿದ್ದರು. ಪಠ್ಯದಲ್ಲಿದ್ದದ್ದು ‘ಎಲ್ ಸಿದ್’ ಎಂಬ ಹಳೆಯ ಸ್ಪ್ಯಾನಿಷ್ ವೀರಕಾವ್ಯ. ನಮ್ಮ ಹುಡುಗರು ಹಳಗನ್ನಡ ಕಂಡರೆ ಮುಖ ಸಿಂಡರಿಸುವಂತೆ ಅಲ್ಲಿನವರೂ ಸಿಂಡರಿಸಿದರು, ತಮ್ಮ ಶತಮಾನದ ಕವಿ ಗಾರ್ಸಿಯಾ ಲೋರ್ಕಾ ಬೇಕೆಂದರು. ಮೇಷ್ಟರು ಗದರಲಿಲ್ಲ. ಸಿದ್‌ನನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರ ಬಗ್ಗೆ ಮಾತಾಡೋಣ ಎಂದುಬಿಟ್ಟರು. ರುಚಿ ಹತ್ತಿದ ಮೇಲೆ ಹುಡುಗರು ತಾವಾಗಿಯೇ ಬೇರೆ ಲೇಖಕರ ಕಡೆಗೂ ಹೊರಳಿದರಂತೆ. ಮುಂದೆ ಆ ಹುಡುಗರೇ ಕಥೆ ಬರೆದರು. ಆ ಕಥೆಗಳ ಸಂಕಲನಕ್ಕೆ ಹೆಸರಾಂತ ಲೇಖಕ ಬೋರ್ಹೆಸ್ ಮುನ್ನುಡಿ ಕೊಟ್ಟರು.

ತರಗತಿಯ ಈ ಪ್ರಸಂಗವನ್ನು ಫ್ರಾನ್ಸಿಸ್ 2024ರಲ್ಲಿ ಸಾಹಿತ್ಯದ ಓದಿನ ಕುರಿತು ಬರೆದ ಪತ್ರದಲ್ಲಿ ನೆನೆದಿದ್ದಾರೆ. ಯಾರೋ ಮುಖ್ಯವೆಂದರು ಎಂಬ ಕಾರಣಕ್ಕೆ ಕರ್ತವ್ಯದಂತೆ ಓದಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಎಂಬುದು ಅವರ ಅಭಿಪ್ರಾಯ. ಗಮನಿಸಿ, ಅವರು ಪಠ್ಯವನ್ನು ಕೈಬಿಟ್ಟಿರಲಿಲ್ಲ. ಹುಡುಗರ ಇಷ್ಟಕ್ಕೆ ತಮ್ಮ ಸಮಯ ಕೊಟ್ಟಿದ್ದರು. ಪುಸ್ತಕ ಶಿಫಾರಸು ಮಾಡುವ ನಾವು ಹೆಸರು ಹೇಳಿ ಕೈತೊಳೆದುಕೊಳ್ಳುತ್ತೇವೆ; ಮಗು ಓದಿ ಬಂದಾಗ ಕೂತು ಕೇಳುವವರು ಯಾರು?

ಹಾಗಾಗಿ ಈ ರಜೆಯಲ್ಲಿ ಮೊದಲು ಮಗಳೋ ಮಗನೋ ಓದುತ್ತಿರುವುದನ್ನು ಇಸಿದುಕೊಂಡು ನೀವು ಓದಿ. ಪತ್ತೇದಾರಿ ಆಗಲಿ, ಕಾಮಿಕ್ಸ್ ಆಗಲಿ, ಮೂಗು ಮುರಿಯಬೇಡಿ. ಊಟಕ್ಕೆ ಕೂತಾಗ ಕಳ್ಳ ಯಾರಿರಬಹುದೆಂದು ಜಗಳವಾಡಿ. ನೀವು ಮೆಚ್ಚಿದ ಪುಸ್ತಕವನ್ನು ಆಮೇಲೆ ಕೊಡಬಹುದು, ಅದೂ ತೆಳುವಾಗಿದ್ದರೆ ಒಳ್ಳೆಯದು. ಅರ್ಧಕ್ಕೇ ಬಿಟ್ಟರೆ ಯಾಕೆ ಹಿಡಿಸಲಿಲ್ಲವೆಂದು ಕೇಳಿ. ಎಷ್ಟು ಪುಟ ಆಯಿತು ಎಂದು ಮಾತ್ರ ಕೇಳಬೇಡಿ.