ಗುಡಿಸುವವರಿಗೆ ಮಂಟಪದಲ್ಲಿ ಜಾಗ

ಬೆಂಗಳೂರಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಮೂಟೆ ಬಿಚ್ಚಿ ಸುರಿದ ರಾಶಿಯ ಎದುರು ಕೂತು ಕೆಲಸ ಮಾಡುವ ಹೆಂಗಸರ ಕೈಯಲ್ಲಿ ಒಂದು ವಿದ್ಯೆ ಇದೆ. ಹಾಲಿನ ಕವರು ಬೇರೆ, ಅಂಗಡಿಯ ತೆಳು ಕ್ಯಾರಿಬ್ಯಾಗು ಬೇರೆ. ನೀರಿನ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ. ರಟ್ಟು, ಬಿಳಿ ಕಾಗದ, ನ್ಯೂಸ್ ಪೇಪರು ಒಂದೊಂದಕ್ಕೂ ಒಂದೊಂದು ರೇಟು. ಚಿಪ್ಸ್ ಪ್ಯಾಕೆಟ್ಟಿಗೆ ಮಾತ್ರ ಗುಜರಿಯವರೂ ಕೈ ಚಾಚುವುದಿಲ್ಲ. ಪ್ಲಾಸ್ಟಿಕ್ಕಿಗೆ ಲೋಹದ ಪದರ ಅಂಟಿಸಿದ ಆ ಹಾಳೆಯನ್ನು ಬಿಡಿಸಿ ಮತ್ತೆ ಬಳಸುವುದು ಗಿಟ್ಟುವ ಕೆಲಸವಲ್ಲ. ಅದರ ಪಾಲಿಗೆ ಉಳಿಯುವುದು ಸಿಮೆಂಟು ಕಾರ್ಖಾನೆಯ ಕುಲುಮೆ, ಇಲ್ಲವೇ ಭೂಭರ್ತಿ ಘಟಕ. ಬೇರೆಯಾಗಿ ಕೊಡಬೇಕೆಂಬ ನಿಯಮ ಇದ್ದರೂ ಸ್ಯಾನಿಟರಿ ಪ್ಯಾಡು, ಒಡೆದ ಗಾಜು ಎಲ್ಲವೂ ಅದೇ ಮೂಟೆಯಲ್ಲಿ ಬಂದು ಬೀಳುತ್ತವೆ. ಸುಸ್ಥಿರ ನಗರ ಎಂದು ಸಮ್ಮೇಳನಗಳಲ್ಲಿ ಹೇಳುವುದನ್ನು ದಿನವೂ ಕೂತು ಮಾಡುತ್ತಿರುವವರು ಇವರು. ಇವರ ವಿಷಯದಲ್ಲಿ ನಗರ ದಯೆ ತೋರಿಸಬೇಕೋ, ಸಾಲ ತೀರಿಸಬೇಕೋ? ಮೇಲ್ನೋಟಕ್ಕೆ ಇದು ಆಡಳಿತದ ಪ್ರಶ್ನೆ. ಬುಡಕ್ಕೆ ಹೋದರೆ ಧರ್ಮದ ಪ್ರಶ್ನೆ.

ನೀತಿಪತ್ರಗಳ ಭಾಷೆ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ನಗರಗಳದ್ದು, 17ನೆಯದು ಪಾಲುದಾರಿಕೆಯದು. ಮರುವರ್ಷ ಈಕ್ವೆಡಾರಿನ ಕಿಟೋದಲ್ಲಿ ಹೊಸ ನಗರ ಕಾರ್ಯಸೂಚಿಯೂ ಬಂತು. ಎಲ್ಲರನ್ನೂ ಒಳಗೊಳ್ಳುವ ನಗರ ಎಂಬುದು ಇವುಗಳ ಆಶಯ. ಆಶಯದಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಆದರೆ ಆ ಮಾತಿನ ಬೆನ್ನಿಗೆ ಒಂದು ಚಿತ್ರ ತಾನಾಗಿ ಬಂದು ನಿಲ್ಲುತ್ತದೆ: ನಗರ ಮೊದಲೇ ಕೆಲವರದ್ದಾಗಿದೆ, ಅವರು ದೊಡ್ಡ ಮನಸ್ಸು ಮಾಡಿ ಹೊಸ್ತಿಲ ಹೊರಗೆ ನಿಂತವರನ್ನು ಒಳಗೆ ಕರೆಯುತ್ತಿದ್ದಾರೆ. ಕರೆದವರಿಗೆ ಯಾವಾಗ ಕರೆಯಬೇಕು, ಎಲ್ಲಿ ಕೂರಿಸಬೇಕು, ಯಾವಾಗ ಎದ್ದು ಹೋಗಿ ಎನ್ನಬೇಕು ಎಂದು ತೀರ್ಮಾನಿಸುವ ಹಕ್ಕೂ ಉಳಿಯುತ್ತದೆ. ಸಾಲದ ಸಂಬಂಧ ಹಾಗಲ್ಲ. ಅಲ್ಲಿ ಲೆಕ್ಕದ ಪುಸ್ತಕ ಕೊಟ್ಟವನ ಬಳಿಯೂ ಇರುತ್ತದೆ, ಬಾಕಿ ಎಷ್ಟು ಎಂದು ಆತ ಬಾಯಿಬಿಟ್ಟು ಕೇಳಬಹುದು. ಪಾಲುದಾರಿಕೆ ಎನ್ನುವುದಕ್ಕೆ ಏನಾದರೂ ಅರ್ಥ ಉಳಿಯಬೇಕಾದರೆ ನಗರ ತಾನು ಸಾಲಗಾರ ಎಂದು ಒಪ್ಪಿಕೊಳ್ಳುವುದರಿಂದ ಅದು ಶುರುವಾಗಬೇಕು ಎಂಬುದು ನನ್ನ ವಾದ.

ಬೆಂಗಳೂರಿನ ಮಟ್ಟಿಗೆ ಈ ಸಾಲದ ಲೆಕ್ಕ ಊಹೆಯದ್ದಲ್ಲ. ದಶಕಗಳ ಕಾಲ ನಗರ ತನ್ನ ಕಸವನ್ನು ಬೆರಕೆಯಾಗಿಯೇ ಲಾರಿಗೆ ತುಂಬಿ ಊರಾಚೆ ಸುರಿಯಿತು. ಹಾಗೆ ಕಸ ಸುರಿಸಿಕೊಂಡ ಹಳ್ಳಿ ಮಾವಳ್ಳಿಪುರದ ಜನ ತಿರುಗಿ ಬಿದ್ದು 2012ರಲ್ಲಿ ಅಲ್ಲಿ ಸುರಿಯುವುದು ನಿಂತಾಗ ನಗರದ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಹೊರೆ ಇನ್ನೊಂದು ಹಳ್ಳಿ ಮಂಡೂರಿನ ಮೇಲೆ ಹೆಚ್ಚಿತು. ಅಲ್ಲಿಯವರೂ 2014ರಲ್ಲಿ ರಸ್ತೆಗಿಳಿದರು, ಆ ವರ್ಷದ ಕೊನೆಗೆ ಅದೂ ಮುಚ್ಚಿತು. ಅಂತರ್ಜಲ ಕೆಟ್ಟದ್ದು, ನೊಣ ಮುತ್ತಿದ್ದು, ನಾಯಿಗಳ ಹಿಂಡು ಬೆಳೆದದ್ದು ಹಳ್ಳಿಗಳ ಪಾಲಿಗೆ; ಚೊಕ್ಕಟ ಬೀದಿ ನಗರದ ಪಾಲಿಗೆ. ಇದೇ ಹೊತ್ತಿನಲ್ಲಿ, ಯಾರೂ ನೇಮಿಸದೆ, ಯಾರೂ ಸಂಬಳ ಕೊಡದೆ, ಚಿಂದಿ ಆಯುವವರು ಆ ಕಸದ ಒಂದಷ್ಟು ಪಾಲನ್ನು ಲಾರಿ ಹತ್ತುವ ಮೊದಲೇ ಎತ್ತಿ ಗುಜರಿಗೆ ಮುಟ್ಟಿಸುತ್ತಿದ್ದರು. ಅವರು ಎತ್ತಿದ ಒಂದೊಂದು ಮೂಟೆಯೂ ಪಾಲಿಕೆಗೆ ಉಳಿದ ಸಾಗಾಣಿಕೆ ವೆಚ್ಚ, ಹಳ್ಳಿಗೆ ತಪ್ಪಿದ ಒಂದು ಮೂಟೆ ನಾತ. ಪಾಲಿಕೆ 2011ರಿಂದ ಅವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು, ಮುಂದೆ ಹಲವು ವಾರ್ಡುಗಳ ಒಣ ಕಸ ಕೇಂದ್ರಗಳನ್ನು ನಡೆಸಲು ಅವರೊಡನೆ ಒಡಂಬಡಿಕೆ ಮಾಡಿಕೊಂಡಿತು. ಅಲ್ಲಿಯವರೆಗೆ ಪೊಲೀಸರ ಕಣ್ಣಿಗೆ ಕಳ್ಳರಂತೆ ಕಂಡವರ ಕೊರಳಿಗೆ ಪಾಲಿಕೆಯ ಮುದ್ರೆ ಬಿದ್ದ ಕಾರ್ಡು ಬಂತು. ಇದು ಸಣ್ಣ ಸಂಗತಿಯಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವಂತೆ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಹೇಳಿದವು.

ಇಂಥ ಸಂಬಂಧವನ್ನು ವಿಚಾರಮಾಡಲು ಕನ್ನಡಕ್ಕೆ ತನ್ನದೇ ಒಂದು ನೆಲೆ ಇದೆ, 12ನೇ ಶತಮಾನದ ಕಲ್ಯಾಣದ್ದು. ಶರಣ ಪರಂಪರೆ ಹೇಳುವ ಆಯ್ದಕ್ಕಿ ಮಾರಯ್ಯನ ಕತೆ ಎಲ್ಲರಿಗೂ ಗೊತ್ತು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚು, ಹೋಗಿ ಸುರಿದು ಬಾ ಎಂದು ಹಿಂದಕ್ಕೆ ಕಳಿಸುತ್ತಾಳೆ. ಈ ಕತೆಯನ್ನು ಸಾಮಾನ್ಯವಾಗಿ ನಿರ್ಲೋಭದ ಪಾಠವಾಗಿ ಹೇಳುತ್ತಾರೆ. ಶಾಲೆಯ ಗೋಡೆಗೆ ಅಷ್ಟು ಸಾಕು. ಆದರೆ ಅಲ್ಲಿ ನಡೆದದ್ದನ್ನು ನೋಡಿ. ಹೆಚ್ಚು ಅಕ್ಕಿ ಚೆಲ್ಲಿಸಿದವನು ಬಿಜ್ಜಳನ ಭಂಡಾರಿ ಬಸವಣ್ಣ ಎನ್ನುತ್ತದೆ ಕತೆ. ಎಷ್ಟು ಸಾಕು ಎಂದು ತೀರ್ಮಾನಿಸಿದವಳು ಮಾತ್ರ ಆಯ್ದು ತಿನ್ನುವ ಮನೆಯ ಹೆಂಗಸು. ದಾನ ಪಡೆಯುವವರಿಗೆ ಬೇಡ ಎನ್ನುವ ಅಧಿಕಾರ ಇರುವುದಿಲ್ಲ, ಅವಳಿಗೆ ಇತ್ತು. ಬೀದಿ, ಅಂಗಳ ಗುಡಿಸುವುದೇ ಕಾಯಕವಾಗಿದ್ದ ಸತ್ಯಕ್ಕನೂ ವಚನಕಾರ್ತಿ. ಗುಡಿಸಿದವಳ ಹೆಸರೂ ಮಾತೂ ಎಂಟುನೂರು ವರ್ಷ ಉಳಿದು ಬಂದಿವೆ. ಇಂಥ ಶರಣರು ಕೂಡಿ ಕೂತು ಚರ್ಚಿಸಿದರು ಎನ್ನುವ ಅನುಭವ ಮಂಟಪದ ಚಿತ್ರವನ್ನು ನಮಗೆ ಬಹುಮಟ್ಟಿಗೆ ಕಟ್ಟಿಕೊಟ್ಟದ್ದು 15ನೇ ಶತಮಾನದಿಂದೀಚೆಯ ಶೂನ್ಯಸಂಪಾದನೆಗಳು, ಅದು ಎಷ್ಟರಮಟ್ಟಿಗೆ ಇತಿಹಾಸ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನನ್ನ ವಾದಕ್ಕೆ ಅದರಿಂದ ಬಾಧಕವಿಲ್ಲ. ಕಾಯಕದವರಿಗೆ ಚರ್ಚೆಯಲ್ಲಿ ಜಾಗ ಇರಬೇಕು ಎಂಬುದನ್ನು ಈ ನಾಡು ಆದರ್ಶವಾಗಿ ಇಟ್ಟುಕೊಂಡಿತ್ತಲ್ಲ, ಅಷ್ಟು ಸಾಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ, ಅದನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು. ಅವರ ಕೆಲಸಕ್ಕೆ ಕಾಯಕ ಎಂಬ ಹಾರ ಹಾಕಿದರೆ ಆ ಕೆಲಸಕ್ಕೇ ಅವರನ್ನು ಕಟ್ಟಿಹಾಕಿದಂತಾಗುವುದಿಲ್ಲವೇ? ಜಾತಿ ಎಂದರೆ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿಕೊಟ್ಟರು, ಕಸ ಬಳಿಯುವುದನ್ನು ಪುಣ್ಯದ ಕೆಲಸ ಎಂದು ಹೊಗಳುವ ಗಾಂಧಿಮಾರ್ಗವನ್ನು ಅವರು ಕಟುವಾಗಿ ಟೀಕಿಸಿದರು. ಆ ಟೀಕೆ ಇವತ್ತಿಗೂ ಪೂರ್ತಿ ಸಲ್ಲುತ್ತದೆ. ವರ್ಷಕ್ಕೊಮ್ಮೆ ಪೌರಕಾರ್ಮಿಕರ ದಿನಾಚರಣೆಯಲ್ಲಿ ಪಾದಪೂಜೆ ಮಾಡಿ, ಉಳಿದ ದಿನ ಕೈಗವಸಿಲ್ಲದೆ ಕಸಕ್ಕೆ ಕೈ ಹಾಕಿಸುವುದನ್ನು ಕಂಡವರು ಕಾಯಕದ ಮಾತಿನ ಬಗ್ಗೆ ಸಂಶಯಪಟ್ಟರೆ ಅವರನ್ನು ದೂರುವಂತಿಲ್ಲ. ಆದರೆ ಕಲ್ಯಾಣದಲ್ಲಿ ಕಾಯಕ ಒಂಟಿಯಾಗಿ ನಿಂತಿರಲಿಲ್ಲ. ಅದರ ಜೊತೆಗೆ ಕೂರುವ ಜಾಗವಿತ್ತು, ಪ್ರಶ್ನೆ ಕೇಳುವ ಬಾಯಿ ಇತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಗುವಷ್ಟು ದೂರ ಅದು ಹೋಯಿತು. ಕಲ್ಯಾಣ ಕುಸಿದದ್ದೂ ಅಲ್ಲೇ. ಹರಳಯ್ಯ ಚಪ್ಪಲಿ ಹೊಲಿಯುತ್ತಿದ್ದಷ್ಟು ದಿನ ಆಳುವವರಿಗೆ ತಕರಾರಿರಲಿಲ್ಲ, ಬೀಗನಾದಾಗ ಎಳೆಸಿ ಕೊಲ್ಲುವ ಎಳೆಹೂಟೆ ಶಿಕ್ಷೆ ಬಂತು. ಜಾಗ ಕೊಡದೆ ಕಾಯಕವನ್ನಷ್ಟೇ ಹೊಗಳುವುದು ಜಾತಿಯ ಹಳೆಯ ವ್ಯವಹಾರವೇ ಎಂದಾಯಿತು. ಹಾಗಾಗಿ ಅಂಬೇಡ್ಕರರ ಆಕ್ಷೇಪ ನನ್ನ ವಾದವನ್ನು ಉರುಳಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೊಂದು ಷರತ್ತು ಹಾಕುತ್ತದೆ: ಮಗಳು ಈ ಕೆಲಸ ಬಿಟ್ಟು ಬೇರೆ ಹಿಡಿಯಲು ದಾರಿ ಮಾಡಿಕೊಡದ ಗೌರವ, ಗೌರವವಲ್ಲ.

ಜಾಗವಿಲ್ಲದ ಪಾಲುದಾರಿಕೆ ಹೇಗಿರುತ್ತದೆಂದು ತಿಳಿಯಲು ಬೆಂಗಳೂರಿನದೇ ಈಜಿಪುರವನ್ನು ನೋಡಬಹುದು. ಆರ್ಥಿಕವಾಗಿ ದುರ್ಬಲರಾದವರಿಗೆಂದು 1990ರ ದಶಕದಲ್ಲಿ ಕಟ್ಟಿದ ವಸತಿ ಸಮುಚ್ಚಯ ಅದು. ಕಟ್ಟಡ ಎಷ್ಟು ಕಳಪೆಯಾಗಿತ್ತೆಂದರೆ ಕೆಲವೇ ವರ್ಷಗಳಲ್ಲಿ ಬ್ಲಾಕುಗಳು ಕುಸಿಯತೊಡಗಿದವು, ಜನ ಅಲ್ಲೇ ತಗಡಿನ ಶೆಡ್ಡುಗಳಿಗೆ ಬಂದರು. ಮುಂದೆ ಪಾಲಿಕೆ ಖಾಸಗಿ ಕಂಪನಿಯೊಂದರ ಜೊತೆ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡಿತು: ಸುಮಾರು 15 ಎಕರೆಯಲ್ಲಿ ಅರ್ಧದಷ್ಟು ಜಾಗದಲ್ಲಿ ವಾಣಿಜ್ಯ ಸಂಕೀರ್ಣ, ಉಳಿದರ್ಧದಲ್ಲಿ ಬಡವರಿಗೆ ಮನೆ. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರುಗಳು ಬಂದು ಶೆಡ್ಡುಗಳನ್ನು ನೆಲಸಮ ಮಾಡಿದವು, ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಕಾಗದದ ಮೇಲೆ ಅದು ನೀತಿಪತ್ರಗಳು ಕೊಂಡಾಡುವ ಮಾದರಿಯೇ: ಸರ್ಕಾರದ ಭೂಮಿ, ಖಾಸಗಿಯ ಬಂಡವಾಳ, ಬಡವರಿಗೆ ಸೂರು. ಕೊರತೆ ಇದ್ದದ್ದು ಸಹಿ ಹಾಕುವವರ ಪಟ್ಟಿಯಲ್ಲಿ. ಆ ನೆಲದ ಮೇಲೆ ಬದುಕುತ್ತಿದ್ದವರು ಒಪ್ಪಂದದ ವಸ್ತುವಾಗಿದ್ದರು, ಪಕ್ಷಗಾರರಾಗಿರಲಿಲ್ಲ.

ಇನ್ನು ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿ ಅತಿಕ್ರಮಣ ಮಾಡಿದವರಿಗೆ ಸಾಲ ಎಂಥದ್ದು ಎಂದು ಕೇಳುವವರಿದ್ದಾರೆ. ಇದು ಬೀದಿಮಾತಷ್ಟೇ ಅಲ್ಲ. 2000ರಲ್ಲಿ ಅಲ್ಮಿತ್ರಾ ಪಟೇಲ್ ಪ್ರಕರಣದಲ್ಲಿ, ಸರ್ಕಾರಿ ಜಾಗ ಒತ್ತಿಕೊಂಡವನಿಗೆ ಬದಲಿ ನಿವೇಶನ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟೇ ಆಡಿತು. ಅದು ಕಸದ ವಿಲೇವಾರಿಯ ಪ್ರಕರಣ ಎಂಬುದು ವಿಚಿತ್ರ. ಅದಕ್ಕೂ 15 ವರ್ಷ ಹಿಂದೆ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಇದೇ ಕೋರ್ಟು, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತ್ತು, ಹಾಗೆ ಹೇಳಿಯೂ ಮುಂಬಯಿಯ ಫುಟ್‌ಪಾತ್ ವಾಸಿಗಳ ತೆರವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿತಷ್ಟೆ. ನೆಲದ ನಿಯಮ ಮುರಿದದ್ದು ನಿಜವಿದ್ದರೆ ನಿಜವೇ. ಆದರೆ ಜೇಬುಗಳ್ಳ ನಮ್ಮಿಂದ ತೆಗೆದುಕೊಂಡು ಹೋಗುವವನು. ಗುಡಿಸಲಿನಿಂದ ಎದ್ದು ಬಂದು ಗಾರೆ ಹೊತ್ತವರು, ಪಾತ್ರೆ ತಿಕ್ಕಿದವರು, ಕಸ ಆಯ್ದವರು ತೆಗೆದುಕೊಂಡದ್ದು ಆರಡಿ ಜಾಗ. ಕೊಟ್ಟದ್ದನ್ನು ಲೆಕ್ಕಕ್ಕೇ ಬರೆಯದೆ ತೆಗೆದುಕೊಂಡದ್ದನ್ನಷ್ಟೇ ಬರೆಯುವ ಪುಸ್ತಕವನ್ನು ಯಾವ ಶಾನುಭೋಗನೂ ಒಪ್ಪಲಾರ. ಸಂಬಳಕ್ಕೆ ತಕ್ಕ ಮನೆಯನ್ನು ನಗರ ಯೋಜನೆಯೇ ಕಟ್ಟದಿದ್ದಾಗ ಆ ಸಂಬಳಕ್ಕೆ ದುಡಿಸಿಕೊಂಡವರೂ ಒತ್ತುವರಿಯಲ್ಲಿ ಪಾಲುಗಾರರು.

ಇನ್ನು ದಕ್ಷತೆಯ ವಾದ. ಎಲ್ಲರನ್ನೂ ಕೂರಿಸಿಕೊಂಡರೆ ಕೆಲಸ ಸಾಗುವುದಿಲ್ಲ, ದೊಡ್ಡ ಟೆಂಡರು, ಕಾಂಪ್ಯಾಕ್ಟರ್ ಲಾರಿ, ಕಸದಿಂದ ವಿದ್ಯುತ್ ಘಟಕ ಇವೇ ದಾರಿ ಎನ್ನುತ್ತಾರೆ. ಯಂತ್ರ ಬರಲಿ, ಕಸದಲ್ಲಿ ಕೈ ಅದ್ದುವ ಕೆಲಸ ಒಂದೊಂದಾಗಿ ತಪ್ಪಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಬೇರ್ಪಡಿಸದೆ ಅಮುಕಿ ತಂದ ಹಸಿ ಕಸದ ತೇವ ಹೆಚ್ಚಾದರೆ ಅದು ಉರಿಯುವುದೇ ಕಷ್ಟ; ಆ ಘಟಕಕ್ಕೂ ಮೊದಲು ಬೇಕಾದದ್ದು ಒಣದನ್ನು ಬೇರೆ ಮಾಡಿದ ಕೈ. ಎಲ್ಲರನ್ನೂ ಕೂರಿಸಿದರೆ ಕೆಲಸ ಸಾಗುವುದಿಲ್ಲ ಎಂಬುದಕ್ಕೆ ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಉತ್ತರವಿದೆ: ಪಟ್ಟಣ ವ್ಯಾಪಾರ ಸಮಿತಿಯ ಶೇಕಡ 40ಕ್ಕೆ ಕಡಿಮೆ ಇಲ್ಲದ ಸದಸ್ಯರು ವ್ಯಾಪಾರಿಗಳೇ ಆರಿಸಿ ಕಳಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸಮಿತಿ ರಚಿಸದೆ ಕಾಲ ತಳ್ಳಿದ ಊರುಗಳು ಬೇಕಾದಷ್ಟಿವೆ, ಜಾರಿ ಸೊರಗಿದೆ. ಆದರೂ ತಳ್ಳುಗಾಡಿಯವಳಿಗೆ ಅದು ಕೇಳಿ ಪಡೆಯಬಹುದಾದ ಕುರ್ಚಿ. ಕಸ ಆಯುವವರಿಗೆ ಇಂಥ ಚುನಾಯಿತ ಪಾಲನ್ನು 2016ರ ನಿಯಮಗಳು ಕೊಡಲಿಲ್ಲ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಮನೆ ಮಾಲೀಕರಿಗೂ ವಾರ್ಡಿನಲ್ಲಿ ಕೇಳುವವರಿಲ್ಲದಂತಾಯಿತು. ಟೆಂಡರಿನ ಷರತ್ತು ಬರೆಯುವ ದಿನ, ಕೇಂದ್ರದ ಜಾಗ ಬದಲಿಸುವ ದಿನ, ಗುತ್ತಿಗೆ ನವೀಕರಿಸದೆ ಬಿಡುವ ದಿನ, ಆ ಮೇಜಿನ ಸುತ್ತ ರಾಶಿ ಬಿಡಿಸುವವರ ಪರವಾಗಿ ಅವರೇ ಆರಿಸಿದ ಒಬ್ಬರು ಕೂತಿರಬೇಕು, ಬೇಡ ಎಂದರೆ ಆ ಮಾತು ಕಡತದಲ್ಲಿ ದಾಖಲಾಗಬೇಕು.