ಚಿರರೋಗಿಯ ವಿಷಾದವೂ ಧೈರ್ಯದ ಧರ್ಮವೂ

ಜ್ವರ ಬಂದವನನ್ನು ಯಾರೂ ಹಳಿಯುವುದಿಲ್ಲ. ಕಾಲು ಮುರಿದವನಿಗೆ ಎದ್ದು ನಡೆಯೆಂದು ಯಾರೂ ಹೇಳುವುದಿಲ್ಲ. ಆದರೆ ಹುಟ್ಟಿನೊಡನೆ ಬಂದ ರೋಗವನ್ನು ಹೊತ್ತು ಬಾಳುವವನು ಒಂದು ದಿನ ಮಾತು ಬಿಟ್ಟು, ಊಟ ಬಿಟ್ಟು, ಗೋಡೆಯ ಕಡೆಗೆ ಮೋರೆ ಮಾಡಿ ಮಲಗಿದನೆಂದರೆ, ನೋಡಲು ಬಂದವರೆಲ್ಲರೂ ಉಪದೇಶಕರಾಗುತ್ತಾರೆ. "ಧೈರ್ಯ ತಂದುಕೋ" ಎಂಬ ಮಾತು ಆಗ ಎಲ್ಲರ ಬಾಯಲ್ಲಿಯೂ ಸುಲಭವಾಗಿ ಬರುತ್ತದೆ. ಆ ಮಾತಿನೊಳಗೆ ಒಂದು ತೀರ್ಪು ಅಡಗಿದೆ: ದೇಹದ ರೋಗವು ದೈವಾಯತ್ತವಾದುದು, ಮನಸ್ಸಿನ ಕುಸಿತವಾದರೋ ಅವನ ಸ್ವಂತ ಅಪರಾಧ. ಈ ತೀರ್ಪು ನ್ಯಾಯವಾದುದೆ? ಚಿರರೋಗಿಯ ವಿಷಾದವು ಅವನ ಶೀಲದ ಕೊರತೆಯೋ, ಅಥವಾ ಅವನು ಹೊತ್ತ ಭಾರದ ಇನ್ನೊಂದು ಪಾಲೋ? ಇದು ವೈದ್ಯರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯಲ್ಲ. ನೀತಿಯ ಪ್ರಶ್ನೆಯೂ ಹೌದು.

ಇಂಥ ವಿಷಯವನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ರೋಗವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಹಿಮೋಫಿಲಿಯವೆಂಬ, ಕನ್ನಡದಲ್ಲಿ ಕುಸುಮರೋಗವೆಂದು ಕರೆಯಲ್ಪಡುವ ವ್ಯಾಧಿಯನ್ನು ತೆಗೆದುಕೊಳ್ಳಬಹುದು. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳಲ್ಲಿ 8ನೆಯದಾಗಲಿ 9ನೆಯದಾಗಲಿ ಕೊರತೆಯಾದಾಗ ಇದು ಉಂಟಾಗುತ್ತದೆ. 8ನೆಯ ಅಂಶದ ಕೊರತೆಯು ಸುಮಾರು 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಇರುವುದು. ಆ ಅಂಶವು ನೂರರಲ್ಲಿ 1 ಪಾಲಿಗಿಂತಲೂ ಕಡಿಮೆಯಿದ್ದವರಿಗೆ ಪೆಟ್ಟೇ ಬೀಳದೆ ಮೊಣಕಾಲು, ಮೊಣಕೈಗಳ ಕೀಲುಗಳಲ್ಲಿ ರಕ್ತ ಸೋರಿ ಬಾವು ಬರುತ್ತದೆ. ಮೇಲಿಂದ ಮೇಲೆ ಹೀಗಾದರೆ ಕೀಲು ಸವೆದು ಬಿಗಿದುಹೋಗುತ್ತದೆ. ಹೊರಗಿನಿಂದ ಚುಚ್ಚಿ ಕೊಟ್ಟ 8ನೆಯ ಅಂಶವು ಸುಮಾರು 12 ತಾಸುಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಆ ಔಷಧವನ್ನು ಪುನಃ ಪುನಃ ಕೊಡಬೇಕಾಗುತ್ತದೆ. ಅದು ರಕ್ತಸ್ರಾವವನ್ನು ತಡೆಯುವುದೇ ಹೊರತು ರೋಗವನ್ನು ಬೇರುಸಹಿತ ಕೀಳುವುದಿಲ್ಲ.

ಹೂವಿನ ಹಿಪ್ಪರಗಿಯಂಥ ಒಕ್ಕಲುತನದ ಊರಿನಲ್ಲಿ ಇಂಥ ರೋಗವುಳ್ಳ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಸುಗ್ಗಿಯಲ್ಲಿ ಓರಗೆಯವರು ಜೋಳದ ಹೊಲಕ್ಕೆ ನಡೆದಾಗ ಅವನು ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಕೀಲು ಬಾತ ರಾತ್ರಿ ಬಸವನ ಬಾಗೇವಾಡಿಗೋ ವಿಜಯಪುರಕ್ಕೋ ಹೋಗುವ ವಾಹನವನ್ನು ಹುಡುಕಬೇಕು. ಶಾಲೆಯ ದಿನಗಳು ತಪ್ಪುತ್ತವೆ, ಉದ್ಯೋಗ ಕೈಬಿಡುತ್ತದೆ, ಲಗ್ನದ ಮಾತು ಬಂದಲ್ಲಿಗೇ ನಿಲ್ಲುತ್ತದೆ. ನೋವಿಗಿಂತಲೂ ಹೆಚ್ಚು ಬಳಲಿಸುವುದು ಅನಿಶ್ಚಯ: ನಾಳೆ ಏಳುವಾಗ ಮೊಣಕಾಲು ತನ್ನ ಮಾತು ಕೇಳುವುದೋ ಇಲ್ಲವೋ! ನಾಲ್ಕು ವಾರ ಮೈ ನೆಟ್ಟಗಿದ್ದರೆ ಮನಸ್ಸು ಹುರುಪಿನಿಂದ ನೂರು ಸಂಕಲ್ಪಗಳನ್ನು ಕಟ್ಟುತ್ತದೆ. ಒಂದು ರಾತ್ರಿಯ ರಕ್ತಸ್ರಾವಕ್ಕೆ ಅವೆಲ್ಲ ಉರುಳುತ್ತವೆ. ನಿದ್ದೆಗೆಟ್ಟ ರಾತ್ರಿಗಳೂ ಬಿಡದ ನೋವೂ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತವೆ. ಹೀಗಿರುವಲ್ಲಿ ಅವನ ಮನಸ್ಸು ಏರಿಳಿಯುವುದು ಆಶ್ಚರ್ಯವಲ್ಲ; ಏರಿಳಿಯದಿದ್ದರೆ ಅದೇ ಆಶ್ಚರ್ಯ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ವಿಷಾದವನ್ನೂ ರೋಗವೆಂದು ಕರೆದರೆ ರೋಗಿಯ ಸಂಕಲ್ಪಶಕ್ತಿಯೇ ಸಡಿಲವಾಗದೆ? "ಇದು ನನ್ನ ಕೈಯಲ್ಲಿಲ್ಲ" ಎಂದು ಅವನು ಕೈಕಟ್ಟಿ ಕೂಡುವುದಿಲ್ಲವೆ? ಈ ಆಕ್ಷೇಪಕ್ಕೆ ಉತ್ತರವನ್ನು ಅವನ ಮೊಣಕಾಲೇ ಕೊಡುತ್ತದೆ. ಕೀಲಿನಲ್ಲಿ ರಕ್ತ ಸೋರುತ್ತಿರುವಾಗ ಧೈರ್ಯ ಮಾಡಿ ನಡೆದವನು ಶೂರನಲ್ಲ. ಅವನು ಕೀಲನ್ನೇ ಕೆಡಿಸಿಕೊಳ್ಳುತ್ತಾನೆ. ಮೊದಲು ಔಷಧ, ಬಳಿಕ ವಿಶ್ರಾಂತಿ. ಆದರೆ ಸ್ರಾವ ನಿಂತ ಮೇಲೆಯೂ ಕಾಲನ್ನು ಅಲುಗಿಸದೆ ಇಟ್ಟರೆ ಅದು ಬಿಗಿದು ನಿರುಪಯೋಗಿಯಾಗುವುದು. ಆಗ ನೋವನ್ನು ಸಹಿಸಿ ಸ್ವಲ್ಪ ಸ್ವಲ್ಪವಾಗಿ ವ್ಯಾಯಾಮ ಮಾಡಿಸಬೇಕು. ಮನಸ್ಸಿನ ಕ್ರಮವೂ ಇದೇ. ಪ್ರಯತ್ನಕ್ಕೆ ಒಂದು ಕಾಲವುಂಟು, ಶುಶ್ರೂಷೆಗೆ ಒಂದು ಕಾಲವುಂಟು. ಶುಶ್ರೂಷೆಯ ಕಾಲದಲ್ಲಿ ಪ್ರಯತ್ನವನ್ನು ಬೇಡುವುದು ಕ್ರೌರ್ಯ. ಪ್ರಯತ್ನದ ಕಾಲದಲ್ಲಿ ಮರುಕವೊಂದನ್ನೇ ಕೊಡುವುದು ಉಪೇಕ್ಷೆ.

ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದು ಹೆಸರಿರುವುದು ವಾಚಕರಿಗೆ ತಿಳಿದ ಸಂಗತಿ. ಕುಸಿದು ಕುಳಿತವನು ಹೇಡಿಯಲ್ಲ, ವೀರರಲ್ಲಿ ವೀರನು. ಎರಡನೆಯ ಅಧ್ಯಾಯದ ಆರಂಭದಲ್ಲಿ ಕೃಷ್ಣನೂ ಅವನನ್ನು ಹಳಿದೇ ನೋಡಿದನು. ಆ ಹಳಿಕೆಯಿಂದ ಅರ್ಜುನನು ಏಳಲಿಲ್ಲ, ಯುದ್ಧ ಮಾಡೆನೆಂದು ಸುಮ್ಮನಾದನು. ಆಮೇಲೆ ನಡೆದುದು ದೀರ್ಘವಾದ ಸಂಭಾಷಣೆ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಸಾರಥಿಯು ರಥವನ್ನು ಬಿಟ್ಟು ಹೋಗಲಿಲ್ಲ. ಧೈರ್ಯವು ಬೇಡಿ ಪಡೆಯುವ ವಸ್ತುವಲ್ಲ, ಜೊತೆಗಿದ್ದು ಕೊಡುವ ವಸ್ತುವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯಿದೆ. ಉತ್ಸಾಹದ ದಿನ "ಎಲ್ಲವನ್ನೂ ಮಾಡಬಲ್ಲೆ" ಎನ್ನುವವನೂ ವಿಷಾದದ ದಿನ "ಈ ಜನ್ಮವೇ ವ್ಯರ್ಥ" ಎನ್ನುವವನೂ ಒಬ್ಬನೇ. ಇಬ್ಬರಲ್ಲಿ ನಿಜವನ್ನು ನುಡಿಯುವವನು ಯಾರು? ವಿಷಾದದಲ್ಲಿರುವವನಿಗೆ, ಭ್ರಮೆಗಳೆಲ್ಲ ಕಳಚಿ ಸತ್ಯವು ಆಗಲೇ ಕಂಡಿತೆಂದು ತೋರುವುದು ಸಹಜ. ಆದರೆ ಕತ್ತಲೆ ಕಣ್ಣನ್ನು ಚುರುಕುಮಾಡುವುದಿಲ್ಲ. ಈ ಸೀಮೆಯ ಡೋಣಿ ಹೊಳೆ ಬೇಸಗೆಯಲ್ಲಿ ಸವುಳು ನೀರಿನ ಸಣ್ಣ ಗೆರೆ. ಮಳೆಗಾಲದಲ್ಲಿ ಹೊಲಗಳನ್ನು ನುಂಗುವ ಪ್ರವಾಹ. ಒಂದು ಋತುವನ್ನು ಕಂಡು ಹೊಳೆಯಿಷ್ಟೇ ಎನ್ನುವವನು ದಂಡೆಯಲ್ಲಿ ಒಕ್ಕಲುತನ ಮಾಡಲಾರ. ಎರಡನ್ನೂ ಬಲ್ಲ ರೈತನು ಹೊಳೆ ಇಳಿದಿರುವಾಗಲೇ ಒಡ್ಡು ಹಾಕುತ್ತಾನೆ. ಹಾಗೆಯೇ ಮನಸ್ಸು ಸಮವಾಗಿರುವ ದಿನಗಳಲ್ಲಿ ರೋಗಿಯು ಕುಸಿತದ ದಿನಗಳಿಗೆ ಏರ್ಪಾಡು ಮಾಡಿಕೊಳ್ಳಬೇಕು: ಯಾರಿಗೆ ಹೇಳಿ ಕಳುಹಿಸಬೇಕು, ಯಾವ ನಿರ್ಣಯವನ್ನು ಆಗ ಮಾಡಬಾರದು, ಯಾವ ಸಣ್ಣ ಕೆಲಸವನ್ನು ಬಿಡಬಾರದು. ಸ್ರಾವಕ್ಕೆ ಮುಂಚೆ ಕೀಲಿನಲ್ಲಿ ಒಂದು ಬಗೆಯ ಜುಮುಗುಟ್ಟುವಿಕೆಯನ್ನು ಅನುಭವಿಗಳು ಗುರುತಿಸಬಲ್ಲರು. ವಿಷಾದಕ್ಕೂ ನಿದ್ದೆ, ಹಸಿವು, ಮಾತುಗಳ ವ್ಯತ್ಯಾಸದಲ್ಲಿ ಅಂಥ ಮುನ್ಸೂಚನೆಯಿರುತ್ತದೆ. ಇತ್ತ ಮನೆಯವರೂ ವಿಷಾದದಲ್ಲಿ ಆಡಿದ ಕಟುನುಡಿಯನ್ನು ತೀರ್ಪೆಂದೂ ಉತ್ಸಾಹದಲ್ಲಿ ಕೊಟ್ಟ ವಚನವನ್ನು ಸಾಲವೆಂದೂ ಎಣಿಸಬಾರದು.

ವಂಶದ ರೋಗದಲ್ಲಿ ವಿಷಾದವು ರೋಗಿಯೊಬ್ಬನದೇ ಆಗಿರುವುದಿಲ್ಲ. ಈ ವ್ಯಾಧಿಯ ಬೀಜವು ಬಹುಮಟ್ಟಿಗೆ ತಾಯಿಯ ಮೂಲಕ ಬರುವುದು. ಅದನ್ನು ಹೊತ್ತ ತಾಯಿಯ ಪ್ರತಿಯೊಬ್ಬ ಗಂಡುಮಗನಿಗೂ ರೋಗ ಬರುವ ಸಂಭವ ಅರ್ಧದಷ್ಟು. ಈ ಮಾತನ್ನು ಅರೆಬರೆ ಕೇಳಿದ ನೆರೆಹೊರೆ ತಾಯಿಯನ್ನೇ ದೂರುತ್ತದೆ. ಅವಳೂ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಆದರೆ ಮೂರರಲ್ಲಿ ಸುಮಾರು ಒಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಈ ರೋಗದ ಸುಳಿವೇ ಇರುವುದಿಲ್ಲ. ಕಾರಣವಾಗುವುದು ಬೇರೆ, ಅಪರಾಧಿಯಾಗುವುದು ಬೇರೆ. ಅರಿತು ಆರಿಸಿಕೊಂಡ ಕೃತ್ಯಕ್ಕೆ ಮಾತ್ರ ದೋಷವು ಹತ್ತುವುದು. ರಕ್ತದಲ್ಲಿ ತಿಳಿಯದೆ ಬಂದುದಕ್ಕೆ ಯಾವ ಧರ್ಮಶಾಸ್ತ್ರವೂ ಪ್ರಾಯಶ್ಚಿತ್ತ ವಿಧಿಸಲಾರದು. ಅರಿತ ಮೇಲೆ ಮಾತ್ರ ಹೊಣೆ ಹುಟ್ಟುತ್ತದೆ. ರೋಗವುಳ್ಳವನು ಅಕ್ಕನ ಮಗಳನ್ನೇ ಲಗ್ನವಾಗುವಲ್ಲಿ ಅವಳೂ ಆ ಬೀಜವನ್ನು ಹೊತ್ತಿರಬಹುದು. ಹಾಗಿದ್ದರೆ ಹೆಣ್ಣುಮಕ್ಕಳಿಗೂ ರೋಗ ಬರಬಹುದು. ಲಗ್ನಕ್ಕೆ ಮೊದಲು ಪರೀಕ್ಷೆ ಮಾಡಿಸುವುದು ಅವಮಾನವಲ್ಲ, ಕರ್ತವ್ಯ.

ಸಂತೈಕೆಯಿಂದಲೇ ಎಲ್ಲವೂ ಆಗುವುದೆಂದು ಇದರ ಅರ್ಥವಲ್ಲ. ಎರಡು ವಾರಗಳಿಗೂ ಮಿಕ್ಕಿ ಯಾವುದರಲ್ಲಿಯೂ ಮನಸ್ಸಿಲ್ಲದೆ, ನಿದ್ದೆ ಹಸಿವು ಕೆಟ್ಟು ಕೂತಲ್ಲಿ, ಅಥವಾ ನಿದ್ದೆಯಿಲ್ಲದೆಯೂ ಮಿತಿಮೀರಿದ ಹುರುಪು ದಿನಗಟ್ಟಲೆ ಏರಿದಲ್ಲಿ, ಮನೋವೈದ್ಯರನ್ನು ಕಾಣತಕ್ಕದ್ದು. ವಿಷಾದಕ್ಕೆ ಕೊಡುವ ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಸ್ವಲ್ಪ ಹೆಚ್ಚಿಸಬಲ್ಲವು. ಆದಕಾರಣ ಮನಸ್ಸಿನ ವೈದ್ಯರಿಗೂ ರಕ್ತದ ವೈದ್ಯರಿಗೂ ಪರಸ್ಪರ ತಿಳಿದೇ ಚಿಕಿತ್ಸೆ ನಡೆಯಬೇಕು. ಬದುಕು ಬೇಡವೆಂಬ ಮಾತು ಬಂದರೆ ಅದನ್ನು ಹಾಸ್ಯಕ್ಕಾಗಲಿ ಗದರಿಕೆಗಾಗಲಿ ಬಿಡದೆ, ರೋಗಿಯನ್ನು ಒಂಟಿಯಾಗಿರಿಸದೆ, ತಡಮಾಡದೆ ನೆರವು ಪಡೆಯಬೇಕು. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ, 14416, ಇದಕ್ಕಾಗಿಯೇ ಇರುವುದು. ಮನಸ್ಸಿನ ಚಿಕಿತ್ಸೆ ದೊಡ್ಡ ಪಟ್ಟಣದ ಸೊತ್ತೆಂಬ ಭಾವನೆಯೂ ಸಲ್ಲದು. ಸಾಧಾರಣ ವೈದ್ಯರೂ ತಾಲೂಕು ಗ್ರಾಮಗಳಲ್ಲಿ ಅದನ್ನು ನಡೆಸಬಲ್ಲರೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ತೊಡಗಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹಿಮೋಫಿಲಿಯವನ್ನೂ ಮಾನಸಿಕ ಅಸ್ವಾಸ್ಥ್ಯವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿರುವುದು ಗಮನಾರ್ಹ.

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ ಹನಗವಾಡಿಯವರು ವೈದ್ಯರು. ಸ್ವತಃ ಅದೇ ರೋಗವುಳ್ಳವರು. ಇಂಥ ಸಂಘಗಳಿಂದ ಔಷಧಕ್ಕಿಂತ ಬೇರೆಯಾದ ಒಂದು ಉಪಕಾರವೂ ಆಗುತ್ತದೆ: ತನ್ನಂಥವನು ಇನ್ನೊಬ್ಬನಿದ್ದಾನೆ, ಅವನೂ ಬಿದ್ದು ಎದ್ದಿದ್ದಾನೆ ಎಂಬುದನ್ನು ರೋಗಿಯು ಕಣ್ಣಾರೆ ಕಾಣುತ್ತಾನೆ. ನೂರು ಉಪದೇಶಗಳು ಕೊಡಲಾರದುದನ್ನು ಆ ಒಂದು ಭೇಟಿ ಕೊಡಬಲ್ಲದು.

ಆದುದರಿಂದ ಚಿರರೋಗಿಯನ್ನು ಕಾಣಲು ಹೋಗುವವನು ಧೈರ್ಯವನ್ನು ಕೇಳಲು ಹೋಗಬಾರದು. ಅಂದು ಅದು ರೋಗಿಯ ಮನೆಯಲ್ಲಿ ಇಲ್ಲದಿರಬಹುದು. ಕಾಳು ತೀರಿದ ಮನೆಗೆ ನೆರೆಯವನು ಜೋಳವನ್ನು ಕೊಂಡೊಯ್ಯುವಂತೆ, ತನ್ನಲ್ಲಿರುವಷ್ಟು ಧೈರ್ಯವನ್ನು ಕೊಂಡೊಯ್ದು, ಮಾತಿಲ್ಲದಿದ್ದರೂ ಸ್ವಲ್ಪ ಹೊತ್ತು ಕುಳಿತು ಬರಬೇಕು. ಮರುವಾರ ಮತ್ತೆ ಹೋಗಬೇಕು.