ಕಾಲು ಡಾಲರಿಗೆ ಮೂರು ಜೀವ

ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಆಳೆತ್ತರದ ಒಂದು ಹಳದಿ ಪೆಟ್ಟಿಗೆ ನಿಂತಿದೆ. ಪ್ಯಾಕ್-ಮ್ಯಾನ್. ಜಪಾನಿನ ನ್ಯಾಮ್ಕೋ ಕಂಪನಿಯಲ್ಲಿದ್ದ ತೋರು ಇವಾಟಾನಿ ರೂಪಿಸಿದ ಆಟ. 1980ರಲ್ಲಿ ಅದನ್ನು ಅಮೆರಿಕದಲ್ಲಿ ತಯಾರಿಸಿ ಮಾರಿದ್ದು ಮಿಡ್‌ವೇ. ಆ ಕಂಪನಿ ಇದ್ದದ್ದು ಇಲ್ಲೇ ಶಿಕಾಗೋ ಪಕ್ಕದ ಫ್ರಾಂಕ್ಲಿನ್ ಪಾರ್ಕಿನಲ್ಲಿ. ಹಾಗಾಗಿ ಈ ಊರಿಗೆ ಪೆಟ್ಟಿಗೆಯೇ ಹಳಬ, ನಾನು ಹೊಸಬ.

ಕೊಂಡಾಗ ಅದು ಸತ್ತಿತ್ತು. ಮಾರಿದವರು, "ಎತ್ಕೊಂಡು ಹೋದ್ರೆ ಸಾಕು" ಅನ್ನೋ ಧಾಟಿಯಲ್ಲೇ ಬೆಲೆ ಹೇಳಿದ್ರು. ಮನೆಗೆ ತಂದು ಹಿಂದಿನ ಬಾಗಿಲು ತೆಗೆದರೆ ಧೂಳು, ಜೇಡರ ಬಲೆ, ಎರಡು ಸತ್ತ ಜಿರಲೆ. ಬೋರ್ಡಿಗೆ ಕರೆಂಟು ಹೋಗುವ ಕನೆಕ್ಟರ್ ಕಾದು ಕಾದು ಕಪ್ಪಾಗಿತ್ತು. ಈ ಬೋರ್ಡುಗಳಲ್ಲಿ ಇದು ಮಾಮೂಲಿ ಕಾಯಿಲೆ. ಮಾನಿಟರಿನ ಕೆಪಾಸಿಟರುಗಳು ಒಣಗಿಹೋಗಿದ್ದವು. ಪಿಕ್ಚರ್ ಟ್ಯೂಬಿಗೆ ಕೈ ಹಾಕುವ ಮುಂಚೆ ಅದರಲ್ಲಿ ಉಳಿದ ವಿದ್ಯುತ್ತನ್ನು ಇಳಿಸಬೇಕು. ಪ್ಲಗ್ ಕಿತ್ತ ಮೇಲೂ ಅದು ಸಾವಿರಾರು ವೋಲ್ಟ್ ಹಿಡಿದುಕೊಂಡಿರಬಹುದು. ವೈರು ಕಟ್ಟಿದ ಸ್ಕ್ರೂಡ್ರೈವರ್ ಹಿಡಿದು, ಇನ್ನೊಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಮಾಡಿದ ಕೆಲಸ ಅದು. "ಚಟ್" ಅಂತ ಸದ್ದು ಬಂದಾಗ ಎದೆ ಡವಡವ.

ಏಳು ತಿಂಗಳ ವಾರಾಂತ್ಯಗಳು ಹೋದವು. ಒಂದು ರಾತ್ರಿ ಪರದೆ ಹೊತ್ತಿಕೊಂಡಿತು. ಚಿತ್ರ ಬರುವ ಮುಂಚೆಯೇ ಆ ಗಾಜಿನ ಮೇಲೆ ನೀಲಿ ಗೋಡೆಗಳ ಆ ಚಕ್ರವ್ಯೂಹದ ನೆರಳಿತ್ತು. ವರ್ಷಗಟ್ಟಲೆ ಹಗಲು ರಾತ್ರಿ ಒಂದೇ ಚಿತ್ರ ಬಿದ್ದೂ ಬಿದ್ದೂ ಅದು ಟ್ಯೂಬಿನಲ್ಲೇ ಸುಟ್ಟುಕೂತಿತ್ತು. ಜಾಯ್‌ಸ್ಟಿಕ್ ಪಕ್ಕದಲ್ಲಿ ಯಾರೋ ಸಿಗರೇಟು ಇಟ್ಟು ಆಡಿದ ಕಲೆಗಳೂ ಇದ್ದವು. ಅವನ್ನೆಲ್ಲ ಹಾಗೇ ಬಿಟ್ಟೆ. ಗಾಯ ವಾಸಿ ಮಾಡೋದು ರಿಪೇರಿ. ಗಾಯದ ಗುರುತನ್ನೂ ಅಳಿಸೋದು ಬೇರೆ ಏನೋ, ಅನ್ನಿಸಿತು.

ಇಲ್ಲಿಯವರೆಗೆ ತೊಂದರೆ ಇರಲಿಲ್ಲ. ತೊಂದರೆ ಶುರುವಾಗಿದ್ದು ಬೋರ್ಡಿನ ಮೇಲಿನ ಎಂಟು ಪುಟಾಣಿ ಸ್ವಿಚ್ಚುಗಳಿಂದ.

ಒಂದು ನಾಣ್ಯಕ್ಕೆ ಎಷ್ಟು ಆಟ, ಒಂದು ಆಟಕ್ಕೆ ಎಷ್ಟು ಜೀವ (ಒಂದು, ಎರಡು, ಮೂರು ಅಥವಾ ಐದು), ಎಷ್ಟು ಅಂಕಕ್ಕೆ ಒಂದು ಹೆಚ್ಚುವರಿ ಜೀವ, ಇದೆಲ್ಲ ಅಲ್ಲೇ ತೀರ್ಮಾನ. ಮುಂದೆ ನಿಂತ ಹುಡುಗ ಎಷ್ಟು ಬೇಗ ಸಾಯಬೇಕು ಅನ್ನೋದನ್ನ ಅಂಗಡಿಯವನು ಬೆರಳ ತುದಿಯಲ್ಲಿ ನಿರ್ಧರಿಸಬಹುದಿತ್ತು. ಈ ಉದ್ಯಮದ ಲೆಕ್ಕಾಚಾರವೇ ಅದು. 1972ರಲ್ಲಿ ಅಟಾರಿಯವರು ಸನ್ನಿವೇಲ್ ಊರಿನ ಬಾರೊಂದರಲ್ಲಿ ಮೊದಲ 'ಪಾಂಗ್' ಇಟ್ಟಾಗ ಸ್ವಲ್ಪ ದಿನದಲ್ಲೇ ಅದು ಕೆಟ್ಟು ನಿಂತಿತಂತೆ. ಹೋಗಿ ನೋಡಿದರೆ, ನಾಣ್ಯ ತುಂಬಿ ತುಳುಕಿ ಕೆಲಸ ನಿಂತಿತ್ತು! ಪ್ಯಾಕ್-ಮ್ಯಾನಿನಲ್ಲಿ ಗೆಲುವು ಅನ್ನೋದೇ ಇಲ್ಲ. ಹಾಗೂ ಹೀಗೂ 256ನೇ ಹಂತ ತಲುಪಿದರೆ ಎಣಿಕೆ ತಪ್ಪಿ ಅರ್ಧ ಪರದೆ ಕಲಸುಮೇಲೋಗರವಾಗುತ್ತೆ. ಅಲ್ಲಿಗೆ ಮುಗೀತು. ನಾಣ್ಯ ಹಾಕಿದವನು ಕೊಳ್ಳುತ್ತಿದ್ದದ್ದು ಗೆಲುವನ್ನಲ್ಲ, ಸ್ವಲ್ಪ ಹೊತ್ತನ್ನ.

ಹಾಗಾದರೆ ಇಂಥ ಯಂತ್ರವನ್ನು 'ಇದ್ದ ಹಾಗೆ' ರಿಪೇರಿ ಮಾಡೋದು ಅಂದ್ರೆ ಏನು? ಅದರ ದುರಾಸೆಯನ್ನೂ ರಿಪೇರಿ ಮಾಡಬೇಕಾ?

ಬೇಡ ಅಂದುಕೊಂಡೆ. ಅದೇ ಸ್ವಿಚ್ಚುಗಳಲ್ಲಿ 'ಫ್ರೀ ಪ್ಲೇ' ಅಂತ ಒಂದು ಜೋಡಣೆ ಇದೆ. ಹಾಕಿದೆ. ನಾಣ್ಯ ಬೇಡ, ಗುಂಡಿ ಒತ್ತಿದರೆ ಆಟ. ಇಲ್ಲೇ ಬ್ರೂಕ್‌ಫೀಲ್ಡಿನ ಗ್ಯಾಲಪಿಂಗ್ ಘೋಸ್ಟ್ ಅನ್ನೋ ಆರ್ಕೇಡಿನಲ್ಲೂ ಹಾಗೇ; ಬಾಗಿಲಲ್ಲಿ ಒಂದು ಸಲ ದುಡ್ಡು ಕೊಟ್ಟರೆ ಒಳಗೆ ಎಷ್ಟು ಬೇಕಾದರೂ ಆಡಿ.

ಮಗಳಿಗೆ ಆಗ ಒಂಬತ್ತು ವರ್ಷ. ಖುಷಿಯೋ ಖುಷಿ. ಮೊದಲ ವಾರ ಬಿಡದೆ ಆಡಿದಳು. ಆಮೇಲೆ ನೋಡ್ತೀನಿ, ಮೊದಲ ಜೀವ ಹೋದ ತಕ್ಷಣ ಜಾಯ್‌ಸ್ಟಿಕ್ ಬಿಟ್ಟು ನಿಂತುಬಿಡ್ತಾಳೆ. ಉಳಿದೆರಡು ಜೀವವನ್ನು ದೆವ್ವಗಳಿಗೆ ಬಿಟ್ಟುಕೊಟ್ಟು ಹೊಸ ಆಟ. ಮೂರನೇ ವಾರಕ್ಕೆ ಗ್ಯಾರೇಜಿಗೆ ಬರೋದೇ ನಿಲ್ಲಿಸಿದಳು. "ಬೋರು ಅಪ್ಪಾ, ಸತ್ರೂ ಏನೂ ಆಗಲ್ಲ."

ಸತ್ರೂ ಏನೂ ಆಗಲ್ಲ! ಏಳು ತಿಂಗಳು ಕೂತು ನಾನು ಬದುಕಿಸಿದ ಯಂತ್ರದ ಪ್ರಾಣವನ್ನ ಒಂದು ಸ್ವಿಚ್ಚಿನಲ್ಲಿ ತೆಗೆದಿದ್ದೆ ಅಂತ ಅವತ್ತು ಗೊತ್ತಾಯ್ತು. ಬೆಲೆ ಇಲ್ಲದ ಕಡೆ ಎಚ್ಚರವೂ ಇರಲ್ಲ. ಸರಿ, ನಾಣ್ಯವೇ ಸರಿ ಅಂತ ಸ್ವಿಚ್ಚನ್ನು ವಾಪಸ್ ತಿರುಗಿಸೋಕೆ ಹೊರಟೆ. ಕೈ ನಿಂತಿತು.

ಯಾಕೆ ಅಂತ ಹೇಳ್ಬೇಕು. ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ತೊಂಬತ್ತರ ದಶಕ. 'ಮುಸ್ತಫಾ' ಗೇಮ್ ನೆನಪಿದೆಯಾ ನಿಮಗೆ? ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು ರೂಪಾಯಿಗೆ ಒಂದು ಆಟ. ನಾವು ಎಂಟ್ಹತ್ತು ಜನ ಹುಡುಗರು ದುಡ್ಡಿದ್ದವನ ಬೆನ್ನ ಹಿಂದೆ ನಿಂತು, "ಒದಿಯೋ, ಒದಿಯೋ" ಅಂತ ಕೂಗೋರು. ಒಂದು ದಿನ ಅಪ್ಪನ ಅಂಗಿ ಜೇಬಿನಿಂದ ಒಂದು ರೂಪಾಯಿ ತೆಗೆದೆ. ಆಡಿದೆ. ಐದು ನಿಮಿಷವೂ ಬದುಕಲಿಲ್ಲ. ಮನೆಗೆ ಬಂದಾಗ ತಮ್ಮ ಮೂಲೆಯಲ್ಲಿ ಕೂತು ಅಳ್ತಿದ್ದ. ಅವನ ಬಾಯಲ್ಲಿ ಯಾರೋ ಕೊಡಿಸಿದ ಪೆಪ್ಪರಮಿಂಟಿನ ವಾಸನೆ ಬಂತು ಅಂತ ಅಪ್ಪ ಅವನಿಗೆ ಬಾರಿಸಿದ್ರು. ನಾನು ಏನೂ ಹೇಳಲಿಲ್ಲ. ಊಟ ಮಾಡಿ ಮಲಗಿದೆ.

ಹಾಗಾಗಿ, "ಬೆಲೆ ಇದ್ದರೇ ಆಟಕ್ಕೆ ತೂಕ" ಅನ್ನೋ ಮಾತು ನನ್ನ ಬಾಯಲ್ಲಿ ಸಲೀಸಾಗಿ ಹೊರಡಲ್ಲ. ಆ ಒಂದು ರೂಪಾಯಿ ಸಾಹುಕಾರರ ಮಗನಿಗೆ ಚಿಲ್ಲರೆ, ನನಗೆ ಕಳ್ಳತನ, ತಮ್ಮನಿಗೆ ಬಾಸುಂಡೆ. ನಾಣ್ಯ ಒಂದೇ, ತೂಕ ಮೂರು ಥರ. ಬೆಲೆ ನಮ್ಮನ್ನು ಎಚ್ಚರವಾಗಿಡುತ್ತೆ, ನಿಜ. ಅದೇ ಬೆಲೆ ಯಾರು ಆಡಬೇಕು, ಯಾರು ಹಿಂದೆ ನಿಂತು ನೋಡಬೇಕು ಅನ್ನೋದನ್ನೂ ತೀರ್ಮಾನ ಮಾಡಿಬಿಡುತ್ತೆ. ಮೊದಲನೆಯದನ್ನು ಹೊಗಳೋರು ಸಾಮಾನ್ಯವಾಗಿ ಎರಡನೆಯದನ್ನು ಅನುಭವಿಸಿರಲ್ಲ.

ಯೋಚಿಸುತ್ತಾ ಹೋದಂತೆ ಒಂದು ವಿಷಯ ಬಿಡಿಸಿಕೊಂಡಿತು. ಆಟಕ್ಕೆ ತೂಕ ಕೊಡ್ತಿದ್ದದ್ದು ದುಡ್ಡಲ್ಲ, ಮಿತಿ. 'ಇದು ಮುಗಿದರೆ ಇನ್ನೊಂದಿಲ್ಲ' ಅನ್ನೋ ಅರಿವು. ದುಡ್ಡು ಆ ಮಿತಿಯನ್ನು ತರುವ ಒಂದು ದಾರಿ, ಅಷ್ಟೇ. ಚೌಕಾಬಾರದಲ್ಲಿ ಕಾಯಿ ಹೊಡೆಸಿಕೊಂಡಾಗ ಹೊಟ್ಟೆ ಉರಿಯಲ್ವಾ? ಅಲ್ಲಿ ಯಾರೂ ಕಾಸು ಕಟ್ಟಿರಲ್ಲ.

ಈಗ ನಮ್ಮ ಗ್ಯಾರೇಜಿನಲ್ಲಿ ನಾಣ್ಯ ಹಾಕಲೇಬೇಕು. ಆದರೆ ನಾಣ್ಯ ಯಂತ್ರದ ಪಕ್ಕದ ಡಬ್ಬಿಯಲ್ಲೇ ಇರುತ್ತೆ. ಯಾರೇ ಬರಲಿ, ಮಗಳಾಗಲಿ, ಪಕ್ಕದ ಮನೆ ಮಕ್ಕಳಾಗಲಿ, ನಾನಾಗಲಿ, ದಿನಕ್ಕೆ ತಲಾ ಮೂರು. ರಾತ್ರಿ ಪೆಟ್ಟಿಗೆ ಬಿಚ್ಚಿ ಅವೇ ನಾಣ್ಯಗಳನ್ನು ಮತ್ತೆ ಡಬ್ಬಿಗೆ ಸುರೀತೀನಿ. ಮಗಳು ಮತ್ತೆ ಬರ್ತಾಳೆ. ಕೊನೇ ಜೀವದಲ್ಲಿ ತುಟಿ ಕಚ್ಚಿ ಆಡ್ತಾಳೆ. ಸಮಸ್ಯೆ ಬಗೆಹರೀತು ಅಂತ ಹೇಳಲ್ಲ. ಮೂರು ಅಂತ ಗೊತ್ತು ಮಾಡಿದವನು ನಾನೇ ತಾನೆ? ಸ್ವಿಚ್ಚು ಈಗಲೂ ಅಂಗಡಿಯವನ ಕೈಯಲ್ಲೇ ಇದೆ.

ಹೋದ ತಿಂಗಳು ತಮ್ಮ ವಿಡಿಯೋ ಕಾಲ್ ಮಾಡಿದ್ದ. ಯಂತ್ರ ತೋರಿಸಿದೆ. ಮಾತಿನ ನಡುವೆ, ಧೈರ್ಯ ಮಾಡಿ, ಆ ಒಂದು ರೂಪಾಯಿಯ ಕಥೆ ಹೇಳಿದೆ. ತಪ್ಪಾಯ್ತು ಕಣೋ, ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಯಾವ ಏಟು ಅಣ್ಣ? ಅಪ್ಪ ಒಂದ್ಸಲನಾ ಹೊಡೆದಿರೋದು? ನಂಗೆ ನೆನಪೇ ಇಲ್ಲ."

ಕ್ಷಮಿಸಬೇಕಾದವನಿಗೆ ನೆನಪಿಲ್ಲ, ನನಗೆ ಮರೆಯೋಕಾಗಿಲ್ಲ. ಈ ಸಾಲವನ್ನು ಯಾವ ಡಬ್ಬಿಗೆ ಹಾಕೋದು ಅಂತ ಗೊತ್ತಾಗದೆ ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಅವನೇ ಕೇಳಿದ, "ಮುಂದಿನ ವರ್ಷ ಬಂದಾಗ ನಂಗೂ ಮೂರೇನಾ?"

"ನಿಂಗೂ ಮೂರೇ," ಅಂದೆ. ಆದರೆ ನನ್ನ ಪಾಲಿನ ಮೂರನ್ನೂ ಅವನಿಗೇ ಕೊಡೋದು ಅಂತ ಆಗಲೇ ತೀರ್ಮಾನಿಸಿಯಾಗಿತ್ತು. ಅವನು ಆಡಲಿ. ಅವತ್ತಿನ ಹಾಗೆ ನಾನು ಬೆನ್ನ ಹಿಂದೆ ನಿಂತು ನೋಡ್ತೀನಿ.